ಉಚಿತ ಕಟಿಂಗ್ ಫೈಲುಗಳ ವ್ಯಾಪಾರೋಪಯೋಗ: ಒಂದು ಅಧ್ಯಯನ

ಕುಮಟಾದಿಂದ ಹೊನ್ನಾವರದ ಮಾರ್ಗವಾಗಿ ಭಟ್ಕಳದವರೆಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸಂಚರಿಸುವವರಿಗೆ ‘ರೇಡಿಯಂ’ ಅಂಗಡಿಗಳು ಹೊಸತಲ್ಲ. ವಾಹನಗಳ ನಂಬರ್ ಪ್ಲೇಟು, ಅಂಗಡಿಯ ಗಾಜಿನ ಮೇಲಿನ ಅಕ್ಷರ, ದೋಣಿಯ ಹೆಸರು, ಯಕ್ಷಗಾನದ ಮುಖವರ್ಣಿಕೆಯ ಸ್ಟಿಕರ್ ಇವೆಲ್ಲ ಅಲ್ಲಿನ ಕಟಿಂಗ್ ಯಂತ್ರದಿಂದಲೇ ಹೊರಬರುತ್ತವೆ. ಆದರೆ ಈ ಉದ್ಯೋಗದ ಮುಖ್ಯ ಆದಾಯವೊಂದು ಕೆಲವು ವರ್ಷಗಳಿಂದ ಕೈತಪ್ಪಿದೆ. 2019ರ ಏಪ್ರಿಲ್ 1ರ ನಂತರ ತಯಾರಾದ ಹೊಸ ವಾಹನಗಳಿಗೆ ಅತಿ ಸುರಕ್ಷಿತ ನೋಂದಣಿ ಫಲಕ ಕಡ್ಡಾಯವಾಯಿತು. 2023ರ ಆಗಸ್ಟ್‌ನಲ್ಲಿ ಕರ್ನಾಟಕ ಸರ್ಕಾರವು ಹಳೆಯ ವಾಹನಗಳಿಗೂ ಅದನ್ನು ವಿಸ್ತರಿಸಿತು. ನಂಬರ್ ಪ್ಲೇಟಿನ ಕೆಲಸವನ್ನೇ ನಂಬಿದ್ದವರು ಬೇರೆ ಸರಕನ್ನು ಹುಡುಕಬೇಕಾಗಿದೆ.

ಇದೇ ಅವಧಿಯಲ್ಲಿ ಮೇಜಿನ ಮೇಲಿಟ್ಟು ಬಳಸಬಹುದಾದ ಚಿಕ್ಕ ಕಟಿಂಗ್ ಯಂತ್ರಗಳು ಮನೆಗಳಿಗೂ ಬಂದಿವೆ. ಕ್ರಿಕಟ್, ಸಿಲೂಯೆಟ್, ಬ್ರದರ್ ಮುಂತಾದ ಹೆಸರಿನ ಈ ಯಂತ್ರಗಳು ಕಾಗದ, ಕಾರ್ಡ್ ಶೀಟು, ವಿನೈಲ್ ಮತ್ತು ಬಟ್ಟೆಯ ಮೇಲೆ ಇಸ್ತ್ರಿಯಿಂದ ಅಂಟಿಸುವ ಹಾಳೆಗಳನ್ನು ಸೂಕ್ಷ್ಮವಾಗಿ ಕತ್ತರಿಸಬಲ್ಲವು. ಮನೆಯಲ್ಲಿ ಕುಳಿತು ಲಗ್ನಪತ್ರಿಕೆ, ತೋರಣ, ಉಡುಗೊರೆ ಪೆಟ್ಟಿಗೆ ತಯಾರಿಸುವವರಿಗೂ ಪೇಟೆಯ ರೇಡಿಯಂ ಅಂಗಡಿಗೂ ಬೇಕಾದ ಕಚ್ಚಾ ಸಾಮಗ್ರಿ ಒಂದೇ, ಅದು ವಿನ್ಯಾಸ. ಅಂತಹ ವಿನ್ಯಾಸಗಳು ಅಂತರಜಾಲದಲ್ಲಿ ಅಸಂಖ್ಯವಾಗಿ ಉಚಿತವಾಗಿ ದೊರೆಯುತ್ತವೆ. ಖರೀದಿ ಬೆಲೆಯಿಲ್ಲದ ಕಚ್ಚಾ ಮಾಲು ದೊರೆತಾಗ ಅದರ ಷರತ್ತೇನು, ಅದನ್ನು ಬಳಸುವ ಕ್ರಮವೇನು, ಅದರಿಂದ ನಿಜವಾದ ಲಾಭವೆಷ್ಟು ಎಂಬುದನ್ನು ವರ್ತಕನಾದವನು ಮೊದಲೇ ಅರಿತಿರಬೇಕು. ಈ ಪ್ರಶ್ನೆಗಳನ್ನು ಅನುಕ್ರಮವಾಗಿ ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

1. ಕಟಿಂಗ್ ಫೈಲು ಎಂದರೇನು?

ನಾವು ಮೊಬೈಲಿನಲ್ಲಿ ತೆಗೆಯುವ ಛಾಯಾಚಿತ್ರವು ಬಣ್ಣದ ಚುಕ್ಕೆಗಳ ಸಮೂಹ. ಅದನ್ನು ಹಿಗ್ಗಿಸಿದರೆ ಅಂಚುಗಳು ಒಡೆದು ಕಾಣುತ್ತವೆ. ಕಟಿಂಗ್ ಯಂತ್ರಕ್ಕೆ ಬೇಕಾದುದು ಚುಕ್ಕೆಯಲ್ಲ, ಬ್ಲೇಡು ಸಾಗಬೇಕಾದ ದಾರಿ. ಆ ದಾರಿಯನ್ನು ಗಣಿತದ ರೇಖೆಯಾಗಿ ಬರೆದಿಟ್ಟ ಕಡತವೇ ಕಟಿಂಗ್ ಫೈಲು. ಅದನ್ನು ಎಷ್ಟು ದೊಡ್ಡದು ಮಾಡಿದರೂ ಅಂಚು ಕೆಡುವುದಿಲ್ಲ.

ಇವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಎಸ್‌ವಿಜಿ. ಇದು ಯಾವ ಒಂದು ಕಂಪನಿಯ ಸ್ವತ್ತೂ ಅಲ್ಲ. ಅಂತರಜಾಲದ ಮಾನದಂಡಗಳನ್ನು ರೂಪಿಸುವ ಸಂಸ್ಥೆಯು 2001ರಲ್ಲಿ ಇದನ್ನು ಮುಕ್ತ ಮಾನದಂಡವಾಗಿ ಪ್ರಕಟಿಸಿತು. ಎರಡನೆಯದು ಡಿಎಕ್ಸ್‌ಎಫ್. ಇದು 1982ರಲ್ಲಿ ಆಟೋಕ್ಯಾಡ್ ತಂತ್ರಾಂಶದೊಡನೆ ಬಂದುದು. ಇದರಲ್ಲಿ ಸಾಮಾನ್ಯವಾಗಿ ರೇಖೆಗಳಿರುತ್ತವೆಯೇ ಹೊರತು ತುಂಬಿದ ಬಣ್ಣಗಳಿರುವುದಿಲ್ಲ. ಪಿಎನ್‌ಜಿ ಎಂಬುದು ಚುಕ್ಕೆಗಳ ಚಿತ್ರ. ಅದನ್ನು ಮೊದಲು ರೇಖೆಯಾಗಿ ಪರಿವರ್ತಿಸದೆ ಕತ್ತರಿಸಲಾಗದು.

ಯಂತ್ರವನ್ನು ಕೊಳ್ಳುವ ಮೊದಲು ಅದರ ಜೊತೆ ಬರುವ ತಂತ್ರಾಂಶವು ಹೊರಗಿನ ಎಸ್‌ವಿಜಿ ಕಡತವನ್ನು ಸ್ವೀಕರಿಸುತ್ತದೆಯೇ, ಸ್ವೀಕರಿಸಲು ಹೆಚ್ಚುವರಿ ಹಣ ತೆರಬೇಕೇ, ಅಂತರಜಾಲವಿಲ್ಲದೆ ಅದು ಕೆಲಸ ಮಾಡುತ್ತದೆಯೇ ಎಂದು ವಿಚಾರಿಸಿಕೊಳ್ಳುವುದು ಅಗತ್ಯ. 2021ರ ಮಾರ್ಚ್‌ನಲ್ಲಿ ಕ್ರಿಕಟ್ ಕಂಪನಿಯು ಚಂದಾ ಕಟ್ಟದ ಬಳಕೆದಾರರು ತಿಂಗಳಿಗೆ 20 ಸ್ವಂತ ಕಡತಗಳನ್ನು ಮಾತ್ರ ಏರಿಸಬಹುದೆಂದು ಪ್ರಕಟಿಸಿತ್ತು. ತೀವ್ರ ವಿರೋಧ ಬಂದುದರಿಂದ ಅದೇ ತಿಂಗಳಲ್ಲಿ ಆ ನಿರ್ಧಾರವನ್ನು ಹಿಂತೆಗೆದುಕೊಂಡಿತು. ಯಂತ್ರ ನಮ್ಮದಾದರೂ ಅದನ್ನು ನಡೆಸುವ ತಂತ್ರಾಂಶ ಮತ್ತೊಬ್ಬರ ಕೈಯಲ್ಲಿದ್ದರೆ ಎದುರಾಗಬಹುದಾದ ತೊಡಕಿಗೆ ಇದೊಂದು ನಿದರ್ಶನ.

2. ಉಚಿತ ಎಂಬುದರ ಐದು ಅರ್ಥಗಳು

‘ಉಚಿತ’ ಎಂಬ ಒಂದೇ ಪದದ ಹಿಂದೆ ಬೇರೆ ಬೇರೆ ಷರತ್ತುಗಳಿರುತ್ತವೆ. ವ್ಯಾಪಾರಿಗಳು ಅವನ್ನು ಹೀಗೆ ವಿಂಗಡಿಸಿಕೊಳ್ಳಬಹುದು.

(ಅ) ಸಾರ್ವಜನಿಕ ಸ್ವತ್ತು: ಹಕ್ಕಿನ ಅವಧಿ ಮುಗಿದವು, ಅಥವಾ ‘ಸಿಸಿ ಜೀರೋ’ ಎಂಬ ಘೋಷಣೆಯ ಮೂಲಕ ರಚನಾಕಾರನೇ ಹಕ್ಕನ್ನು ಬಿಟ್ಟುಕೊಟ್ಟವು. ಇವುಗಳಿಂದ ವಸ್ತು ತಯಾರಿಸಿ ಮಾರಬಹುದು.

(ಆ) ಹೆಸರು ಹೇಳಿ ಬಳಸುವಂಥವು: ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳು 2002ರಲ್ಲಿ ಬಂದವು. ಅವುಗಳಲ್ಲಿ ‘ಬೈ’ ಎಂಬ ಗುರುತಿನದು ಮಾರಾಟಕ್ಕೆ ಅವಕಾಶ ಕೊಡುತ್ತದೆ. ಆದರೆ ರಚನಾಕಾರನ ಹೆಸರನ್ನು ನಮೂದಿಸಬೇಕು.

(ಇ) ವ್ಯಾಪಾರೇತರ ಬಳಕೆಯವು: ಅದೇ ಪರವಾನಗಿಗೆ ‘ಎನ್‌ಸಿ’ ಎಂಬ ಅಕ್ಷರಗಳು ಸೇರಿದ್ದರೆ ವ್ಯಾಪಾರಕ್ಕೆ ಬಳಸುವಂತಿಲ್ಲ.

(ಈ) ಸ್ವಂತ ಬಳಕೆಗೆ ಮಾತ್ರ: ಮನೆಯ ಸಮಾರಂಭಕ್ಕೆ ಕತ್ತರಿಸಿಕೊಳ್ಳಬಹುದು. ಹಣ ಪಡೆದು ನೆರೆಯವರಿಗೆ ಕತ್ತರಿಸಿಕೊಟ್ಟರೆ ಅದು ವ್ಯಾಪಾರವಾಗುತ್ತದೆ. ಉಚಿತ ಫೈಲುಗಳ ಬಹುಭಾಗ ಈ ವರ್ಗಕ್ಕೆ ಸೇರಿರುವುದರಿಂದ ಹೆಚ್ಚಿನ ಎಚ್ಚರಿಕೆ ಬೇಕಾಗಿರುವುದೂ ಇಲ್ಲಿಯೇ.

(ಉ) ಮಿತ ವ್ಯಾಪಾರಕ್ಕೆ: ನಿಗದಿತ ಸಂಖ್ಯೆಯವರೆಗೆ ತಯಾರಾದ ವಸ್ತುವನ್ನು ಮಾರಬಹುದು. ಆದರೆ ಕಡತವನ್ನೇ ಗಿರಾಕಿಗೆ ಕಳುಹಿಸುವಂತಿಲ್ಲ. ವಾಟ್ಸಾಪ್‌ನಲ್ಲಿ ಫೈಲನ್ನು ಹಂಚುವ ರೂಢಿಯು ಈ ಷರತ್ತಿನ ಉಲ್ಲಂಘನೆಯಾಗುತ್ತದೆ.

ಇನ್ನೊಂದು ಅಪಾಯವೂ ಇದೆ. ಫೈಲನ್ನು ಉಚಿತವೆಂದು ಹಂಚುತ್ತಿರುವವನೇ ಅದರ ಒಡೆಯನಲ್ಲದಿರಬಹುದು. ಕದ್ದ ಮಾಲನ್ನು ಕೊಂಡವನಿಗೆ ಮಾಲಕತ್ವ ಬರುವುದಿಲ್ಲವೆಂಬುದು ವರ್ತಕರಿಗೆ ಹೇಳಿಕೊಡಬೇಕಾದ ಪಾಠವಲ್ಲ. ವಿನ್ಯಾಸಕ್ಕೂ ಅದೇ ನ್ಯಾಯ ಅನ್ವಯಿಸುತ್ತದೆ.

3. ಕಾನೂನಿನ ದೃಷ್ಟಿ

ಕೃತಿಸ್ವಾಮ್ಯ ಕಾಯ್ದೆ, 1957ರ ಪ್ರಕಾರ ರೇಖಾಚಿತ್ರವು ಕಲಾಕೃತಿ. ನೋಂದಣಿ ಮಾಡಿಸದಿದ್ದರೂ ಅದರ ಹಕ್ಕು ರಚನಾಕಾರನಿಗೆ ಇರುತ್ತದೆ. ಸಾಮಾನ್ಯವಾಗಿ ಆತನ ಜೀವಿತಾವಧಿ ಹಾಗೂ ನಂತರದ 60 ವರ್ಷಗಳವರೆಗೆ ಆ ಹಕ್ಕು ಉಳಿಯುತ್ತದೆ. ತಿಳಿದೂ ಉಲ್ಲಂಘಿಸಿದರೆ ಕಲಂ 63ರ ಅನ್ವಯ 6 ತಿಂಗಳಿಂದ 3 ವರ್ಷಗಳವರೆಗೆ ಸೆರೆವಾಸ ಮತ್ತು 50,000 ರೂಪಾಯಿಯಿಂದ 2 ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದಾಗಿದೆ. ವ್ಯಾಪಾರದ ಲಾಭಕ್ಕಾಗಿ ಮಾಡಿರದಿದ್ದರೆ ನ್ಯಾಯಾಲಯವು ಶಿಕ್ಷೆಯನ್ನು ಕಡಿಮೆ ಮಾಡಬಹುದು. ವ್ಯಾಪಾರಿಗೆ ಆ ರಿಯಾಯಿತಿಯ ಆಸರೆ ಸಿಗುವುದು ಕಷ್ಟ. ಈ ಅಪರಾಧವು ಪೊಲೀಸರು ವಾರಂಟ್ ಇಲ್ಲದೆ ಕ್ರಮ ಕೈಗೊಳ್ಳಬಹುದಾದ ಮತ್ತು ಜಾಮೀನುರಹಿತವಾದ ಅಪರಾಧವೆಂದು 2022ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿದೆ.

ಮಕ್ಕಳ ಹುಟ್ಟುಹಬ್ಬದ ಅಲಂಕಾರಕ್ಕೆ ಬಳಸುವ ವ್ಯಂಗ್ಯಚಿತ್ರ ಪಾತ್ರಗಳು, ಕ್ರಿಕೆಟ್ ತಂಡಗಳ ಲಾಂಛನಗಳು, ವಾಹನ ಕಂಪನಿಗಳ ಗುರುತುಗಳು ಸಾಮಾನ್ಯವಾಗಿ ವ್ಯಾಪಾರ ಚಿಹ್ನೆಗಳ ಕಾಯ್ದೆ, 1999ರ ರಕ್ಷಣೆಯನ್ನೂ ಪಡೆದಿರುತ್ತವೆ. ಅಂತಹ ಫೈಲು ಎಲ್ಲಿ ಉಚಿತವಾಗಿ ಸಿಕ್ಕಿದರೂ ಮಾರಾಟಕ್ಕೆ ಬಳಸಬಾರದು. ಅಶೋಕ ಸ್ತಂಭದ ರಾಷ್ಟ್ರ ಲಾಂಛನದ ಬಳಕೆಗೆ 2005ರ ಪ್ರತ್ಯೇಕ ಕಾಯ್ದೆಯ ನಿರ್ಬಂಧವಿದೆ. ಗಿರಾಕಿ ಕೇಳಿದನೆಂಬ ಕಾರಣಕ್ಕೆ ಅದನ್ನು ವಾಹನದ ಗಾಜಿಗೆ ಕತ್ತರಿಸಿಕೊಡುವುದು ಸಲ್ಲದು.

4. ವಿನ್ಯಾಸದ ಆವಕ ವಹಿ

ಮಾಲಿನ ಖರೀದಿಗೆ ಬಿಲ್ಲು ಇಡುವಂತೆ ವಿನ್ಯಾಸಕ್ಕೂ ದಾಖಲೆಯಿಡುವುದು ಶ್ರೇಯಸ್ಕರ. ಒಂದು ಸಾಮಾನ್ಯ ವಹಿಯಲ್ಲಿ ಐದು ಕಲಮುಗಳು ಸಾಕು: ಫೈಲಿನ ಹೆಸರು, ಪಡೆದ ದಿನಾಂಕ, ರಚನಾಕಾರ ಅಥವಾ ಪಡೆದ ಸ್ಥಳ, ಪರವಾನಗಿಯ ಬಗೆ, ಯಾವ ಆರ್ಡರಿಗೆ ಎಷ್ಟು ಪ್ರತಿ ಬಳಸಲಾಯಿತು. ಇದರ ಜೊತೆಗೆ ಪರವಾನಗಿಯ ಪುಟವನ್ನು ಆ ದಿನವೇ ಮುದ್ರಿಸಿ ಕಡತಕ್ಕೆ ಸೇರಿಸಬೇಕು. ಷರತ್ತುಗಳು ಮುಂದೆ ಬದಲಾಗಬಹುದು. ತಾನು ಪಡೆದ ದಿನ ಯಾವ ಷರತ್ತಿತ್ತು ಎಂಬುದನ್ನು ತೋರಿಸಬಲ್ಲವನಿಗೆ ವಿವಾದದಲ್ಲಿ ಸಮರ್ಥಿಸಿಕೊಳ್ಳಲು ಆಧಾರವಿರುತ್ತದೆ.

ಕಂಪ್ಯೂಟರಿನಲ್ಲಿಯೂ ‘ಮಾರಾಟಕ್ಕೆ ಸಲ್ಲುವವು’ ಮತ್ತು ‘ಮನೆ ಬಳಕೆಯವು’ ಎಂಬ ಎರಡು ಪ್ರತ್ಯೇಕ ಸಂಚಿಕೆಗಳನ್ನು ಮಾಡಿಕೊಂಡರೆ ಕೆಲಸಗಾರರು ತಪ್ಪಿ ಬಳಸುವ ಸಂಭವ ಕಡಿಮೆ. ಕಟಿಂಗ್ ಫೈಲಿನ ಹೆಸರಿನಲ್ಲಿ ‘ಇಎಕ್ಸ್‌ಇ’ ಎಂದು ಕೊನೆಗೊಳ್ಳುವ ಕಡತ ಬಂದರೆ ಅದನ್ನು ತೆರೆಯಕೂಡದು. ಅದು ವಿನ್ಯಾಸವಲ್ಲ, ಕಂಪ್ಯೂಟರಿನಲ್ಲಿ ತಾನೇ ಓಡುವ ಪ್ರೋಗ್ರಾಂ.

5. ಫೈಲಿನಿಂದ ವಸ್ತುವಿನವರೆಗೆ

ಇಂಕ್‌ಸ್ಕೇಪ್ ಎಂಬ ತಂತ್ರಾಂಶವು 2003ರಿಂದ ಉಚಿತವಾಗಿ ಮತ್ತು ಮುಕ್ತವಾಗಿ ದೊರೆಯುತ್ತಿದೆ. ಅದರಿಂದ ತಯಾರಿಸಿದುದನ್ನು ಮಾರಲು ಯಾವ ಅಡ್ಡಿಯೂ ಇಲ್ಲ. ಫೈಲನ್ನು ನೇರವಾಗಿ ಯಂತ್ರಕ್ಕೆ ಕೊಡದೆ ಮೊದಲು ಇದರಲ್ಲಿ ತೆರೆದು ಪರೀಕ್ಷಿಸುವುದು ಉತ್ತಮ.

ಅಳತೆ: ಎಸ್‌ವಿಜಿ ಕಡತದ ಅಳತೆಯನ್ನು ಕೆಲವು ತಂತ್ರಾಂಶಗಳು ಅಂಗುಲಕ್ಕೆ 72 ಬಿಂದುಗಳಂತೆ, ಕೆಲವು 96 ಬಿಂದುಗಳಂತೆ ಎಣಿಸುತ್ತವೆ. ಮೊದಲನೆಯ ಲೆಕ್ಕದಲ್ಲಿ 12 ಅಂಗುಲವಿರುವ ವಿನ್ಯಾಸದಲ್ಲಿ 864 ಬಿಂದುಗಳಿರುತ್ತವೆ. ಎರಡನೆಯ ಲೆಕ್ಕದಲ್ಲಿ ಅದು 9 ಅಂಗುಲಕ್ಕೆ ಕುಗ್ಗುತ್ತದೆ. ಪೆಟ್ಟಿಗೆಯ ಮುಚ್ಚಳ ಮತ್ತು ತಳ ಒಂದಕ್ಕೊಂದು ಹೊಂದದಿರಲು ಇದು ಸಾಮಾನ್ಯ ಕಾರಣ. ಆದುದರಿಂದ ಕತ್ತರಿಸುವ ಮೊದಲು ಅಳತೆಯನ್ನು ಕಣ್ಣಾರೆ ನೋಡಿ ಖಚಿತಪಡಿಸಿಕೊಳ್ಳಬೇಕು.

ಬಿಂದುಗಳು: ಛಾಯಾಚಿತ್ರದಿಂದ ಯಾಂತ್ರಿಕವಾಗಿ ಪರಿವರ್ತಿಸಿದ ಕಳಪೆ ಫೈಲುಗಳಲ್ಲಿ ಅನಗತ್ಯ ಬಿಂದುಗಳು ತುಂಬಿರುತ್ತವೆ. ಬ್ಲೇಡು ಪ್ರತಿ ಬಿಂದುವಿನಲ್ಲೂ ತಡವರಿಸುವುದರಿಂದ ಕಾಗದ ಹರಿಯುತ್ತದೆ. ‘ಸಿಂಪ್ಲಿಫೈ’ ಆದೇಶದಿಂದ ಇವುಗಳನ್ನು ಕಡಿಮೆ ಮಾಡಬಹುದು.

ಅಕ್ಷರಗಳು: ನಮ್ಮ ಭಾಗದ ಗಿರಾಕಿಗೆ ಕನ್ನಡದ ಹೆಸರು ಬೇಕು. ಹೊರಗಿನ ಉಚಿತ ಫೈಲುಗಳಲ್ಲಿ ಅದು ದೊರೆಯುವುದು ಅಪರೂಪ. ಸ್ಥಳೀಯ ಉದ್ಯಮಿಗೆ ಅನುಕೂಲವಿರುವುದೂ ಇಲ್ಲಿಯೇ. ನೋಟೋ ಕನ್ನಡ, ಲೋಹಿತ್ ಕನ್ನಡ, ಬಾಲೂ ತಮ್ಮ, ಹುಬ್ಬಳ್ಳಿ ಮೊದಲಾದ ಯೂನಿಕೋಡ್ ಅಕ್ಷರ ವಿನ್ಯಾಸಗಳು ಮುಕ್ತ ಪರವಾನಗಿಯಲ್ಲಿವೆ. ಅವುಗಳಿಂದ ಬರೆದ ಹೆಸರನ್ನು ಕತ್ತರಿಸಿ ಮಾರಬಹುದು. ಹಳೆಯ ಪದ್ಧತಿಯ ಅಕ್ಷರಗಳಲ್ಲಿ ಸಿದ್ಧಪಡಿಸಿದ ಕಡತವಾದರೆ ಅದನ್ನು ರೇಖೆಯಾಗಿ ಪರಿವರ್ತಿಸಿಯೇ ಬೇರೆ ಕಂಪ್ಯೂಟರಿಗೆ ಕೊಡಬೇಕು. ಇಲ್ಲವಾದರೆ ಅಕ್ಷರಗಳು ಅರ್ಥವಿಲ್ಲದ ಚಿಹ್ನೆಗಳಾಗುತ್ತವೆ.

ಕನ್ನಡದ ಒತ್ತಕ್ಷರ ಮತ್ತು ಸ್ವರಚಿಹ್ನೆಗಳು ಮೂಲಾಕ್ಷರದ ಮೇಲೆ ಏರಿ ಕುಳಿತಿರುತ್ತವೆ. ಪರದೆಯ ಮೇಲೆ ಇದು ಕಾಣದು. ಯಂತ್ರ ಮಾತ್ರ ಎರಡೂ ರೇಖೆಗಳನ್ನು ಕತ್ತರಿಸಿ ಅಕ್ಷರವನ್ನು ತುಂಡುಮಾಡುತ್ತದೆ. ಮೊದಲು ‘ಆಬ್ಜೆಕ್ಟ್ ಟು ಪಾತ್’, ನಂತರ ‘ಯೂನಿಯನ್’ ಆದೇಶ ಕೊಟ್ಟರೆ ಎರಡೂ ಬೆಸೆದು ಒಂದಾಗುತ್ತವೆ. ಭಟ್ಕಳದ ಅಂಗಡಿಗಳಿಗೆ ಬೇಕಾಗುವ ಉರ್ದು ಅಕ್ಷರಗಳಿಗೂ ಇದೇ ಕ್ರಮ ಅನಿವಾರ್ಯ, ಏಕೆಂದರೆ ಅಲ್ಲಿ ಅಕ್ಷರಗಳು ಒಂದನ್ನೊಂದು ಹಿಡಿದೇ ಸಾಗುತ್ತವೆ. ದೋಣಿ ಅಥವಾ ಗೋಡೆಗೆ ಬಣ್ಣ ಬಳಿಯಲು ಅಚ್ಚು ಕತ್ತರಿಸುವಾಗ ‘ರ’, ‘ಠ’ ಮುಂತಾದ ಅಕ್ಷರಗಳ ಒಳಭಾಗ ಕಳಚಿ ಬೀಳದಂತೆ ಕಿರಿದಾದ ಸೇತುವೆಗಳನ್ನು ಬಿಡಬೇಕು. ಬಟ್ಟೆಗೆ ಇಸ್ತ್ರಿಯಿಂದ ಅಂಟಿಸುವ ಹಾಳೆಯಲ್ಲಿ ಮತ್ತು ಗಾಜಿನ ಒಳಬದಿಗೆ ಅಂಟಿಸಿ ಹೊರಗಿನಿಂದ ಓದಬೇಕಾದ ಬರಹದಲ್ಲಿ ವಿನ್ಯಾಸವನ್ನು ತಿರುವುಮುರುವಾಗಿ ಕತ್ತರಿಸಬೇಕು.

ಹವಾಮಾನ: ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಅಧಿಕ ಮಳೆ ಬೀಳುತ್ತದೆ. ಚೌತಿಯ ಅಲಂಕಾರ ಸಿದ್ಧವಾಗಬೇಕಾದುದು ಅದೇ ಮಳೆಗಾಲದಲ್ಲಿ. ತೇವ ಹೀರಿದ ಕಾಗದ ಕತ್ತರಿಸುವ ಬದಲು ಹರಿಯುತ್ತದೆ. ಹಾಳೆಗಳನ್ನು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿಟ್ಟು ಬೇಕಾದಷ್ಟನ್ನೇ ಹೊರತೆಗೆಯಬೇಕು. ಪ್ರತಿದಿನವೂ ಹಾಳೆಯ ಮೂಲೆಯಲ್ಲಿ ಚಿಕ್ಕ ಚೌಕವೊಂದನ್ನು ಕತ್ತರಿಸಿ ನೋಡಿಯೇ ಕೆಲಸ ಆರಂಭಿಸಬೇಕು. ವಿದ್ಯುತ್ ಹೋಗಿ ಯಂತ್ರ ನಡುವೆ ನಿಂತರೆ ಆ ಹಾಳೆ ಬಹುತೇಕ ವ್ಯರ್ಥವಾಗುವುದರಿಂದ ಯುಪಿಎಸ್ ಇರುವುದು ಲೇಸು.

ಲೇಸರ್ ಯಂತ್ರವುಳ್ಳವರಿಗೆ ಒಂದು ಎಚ್ಚರಿಕೆ. ಪಿವಿಸಿ ವಿನೈಲನ್ನು ಬ್ಲೇಡಿನಿಂದ ಮಾತ್ರ ಕತ್ತರಿಸಬೇಕು. ಲೇಸರಿನ ಶಾಖಕ್ಕೆ ಅದರಿಂದ ಕ್ಲೋರಿನ್‌ಯುಕ್ತ ವಿಷಾನಿಲ ಹೊರಬಂದು ಕೆಲಸಗಾರನ ಶ್ವಾಸಕೋಶಕ್ಕೂ ಯಂತ್ರಕ್ಕೂ ಹಾನಿಯಾಗುತ್ತದೆ.

6. ಬೆಲೆ ನಿಗದಿಯ ಲೆಕ್ಕ

ಫೈಲು ಉಚಿತವಾಗಿ ಬಂದುದರಿಂದ ವಸ್ತುವೂ ಅಗ್ಗವೆಂದು ಭಾವಿಸುವುದು ಈ ಉದ್ಯೋಗದಲ್ಲಿ ಸಾಮಾನ್ಯವಾಗಿ ಕಂಡುಬರುವ ತಪ್ಪು. ಉದಾಹರಣೆಗೆ 100 ಕಾಗದದ ತೋರಣಗಳ ಆರ್ಡರನ್ನು ಊಹಿಸೋಣ. ಇಲ್ಲಿನ ಅಂಕಿಗಳು ಲೆಕ್ಕದ ಕ್ರಮವನ್ನು ತೋರಿಸಲು ಮಾತ್ರ.

ಒಂದು ಹಾಳೆಗೆ ಎರಡು ತೋರಣದಂತೆ 50 ಹಾಳೆ, ಶೇ. 10 ನಷ್ಟ ಸೇರಿ 55 ಹಾಳೆ. ಹಾಳೆಗೆ 12 ರೂಪಾಯಿಯಂತೆ 660 ರೂಪಾಯಿ. ಕತ್ತರಿಸಲು ಹಾಳೆಗೆ 4 ನಿಮಿಷದಂತೆ 220 ನಿಮಿಷ. ಬೇಡದ ತುಂಡು ಕಿತ್ತು, ಅಂಟಿಸಿ, ದಾರ ಪೋಣಿಸಲು ಒಂದಕ್ಕೆ 6 ನಿಮಿಷದಂತೆ 600 ನಿಮಿಷ. ಫೈಲು ಸಿದ್ಧಪಡಿಸಲು 90 ನಿಮಿಷ. ಒಟ್ಟು 910 ನಿಮಿಷ. ಗಂಟೆಗೆ 80 ರೂಪಾಯಿ ಮಜೂರಿಯಂತೆ ಸುಮಾರು 1,213 ರೂಪಾಯಿ. ಬ್ಲೇಡು, ಮ್ಯಾಟು ಹಾಗೂ ವಿದ್ಯುತ್ತಿಗೆ 150 ರೂಪಾಯಿ. ಒಟ್ಟು ವೆಚ್ಚ 2,023 ರೂಪಾಯಿ, ಅಂದರೆ ತೋರಣಕ್ಕೆ ಸುಮಾರು 20 ರೂಪಾಯಿ.

ತನ್ನ ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯದವರು ಇದನ್ನು 8 ರೂಪಾಯಿಯ ವಸ್ತುವೆಂದು ತಿಳಿದು 15ಕ್ಕೆ ಮಾರಿ 7 ರೂಪಾಯಿ ಲಾಭವಾಯಿತೆಂದು ಸಂತೋಷಪಡುತ್ತಾರೆ. ವಾಸ್ತವದಲ್ಲಿ ಪ್ರತಿ ತೋರಣಕ್ಕೂ 5 ರೂಪಾಯಿ ನಷ್ಟ. ಮನೆಯಲ್ಲಿ ಕೆಲಸ ಮಾಡುವ ಮಹಿಳೆಯರ ಶ್ರಮವು ಹೀಗೆಯೇ ಲೆಕ್ಕದಿಂದ ಜಾರಿಹೋಗುತ್ತದೆ. ಅವರಿಂದ ಸರಕು ಪಡೆದು ಮಾರುವ ವರ್ತಕರು ಈ ಅಂಶವನ್ನು ಗಮನದಲ್ಲಿಟ್ಟುಕೊಳ್ಳಬೇಕು. ದುಡಿಮೆಗೆ ಬೆಲೆ ಸಿಗದ ಪೂರೈಕೆ ಬಹುಕಾಲ ನಿಲ್ಲಲಾರದು.

ಇದೇ ಲೆಕ್ಕದಿಂದ ಮತ್ತೊಂದು ಸಂಗತಿ ಹೊರಪಡುತ್ತದೆ. ಸಂಶಯಾಸ್ಪದ ಉಚಿತ ಫೈಲಿನ ಬದಲು 300 ರೂಪಾಯಿ ತೆತ್ತು ವ್ಯಾಪಾರದ ಪರವಾನಗಿಯುಳ್ಳ ವಿನ್ಯಾಸ ಪಡೆದರೂ ಮೊದಲ ಆರ್ಡರಿನಲ್ಲಿ ತೋರಣಕ್ಕೆ ಬೀಳುವುದು 3 ರೂಪಾಯಿ ಮಾತ್ರ. ಅದೇ ಫೈಲನ್ನು ಮತ್ತೆ ಬಳಸಿದರೆ ಹೊರೆ ಇನ್ನೂ ಇಳಿಯುತ್ತದೆ. ವೆಚ್ಚದ ಬಹುಭಾಗ ಕೈಕೆಲಸದಲ್ಲಿರುವಾಗ ವಿನ್ಯಾಸದಲ್ಲಿ ಮಾಡುವ ಉಳಿತಾಯಕ್ಕಾಗಿ ಮೊಕದ್ದಮೆಯ ಅಪಾಯವನ್ನು ಮೈಮೇಲೆ ಎಳೆದುಕೊಳ್ಳುವುದು ಜಾಣತನವಲ್ಲ.

7. ಮೂರು ತಾಲ್ಲೂಕುಗಳ ಮಾರುಕಟ್ಟೆ

ಈ ಸರಕಿಗೆ ನಮ್ಮಲ್ಲಿ ಋತುಮಾನದ ಬೇಡಿಕೆಯಿದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆ 61 ದಿನಗಳಲ್ಲಿ ಭಟ್ಕಳ, ಹೊನ್ನಾವರದ ದೋಣಿಗಳು ದುರಸ್ತಿಗೊಂಡು ಬಣ್ಣ ಪಡೆಯುವಾಗ ಹೆಸರು ಹಾಗೂ ನೋಂದಣಿ ಸಂಖ್ಯೆಯ ಅಕ್ಷರಗಳು ಬೇಕಾಗುತ್ತವೆ. ಅದರ ಹಿಂದೆಯೇ ಚೌತಿ. ಥರ್ಮೋಕೋಲಿನ ಹಲವು ವಸ್ತುಗಳನ್ನು ಕರ್ನಾಟಕ ಸರ್ಕಾರವು 2016ರ ಮಾರ್ಚ್‌ನಲ್ಲಿ ನಿಷೇಧಿಸಿತು. 2022ರ ಜುಲೈ 1ರಿಂದ ದೇಶಾದ್ಯಂತ ಜಾರಿಗೆ ಬಂದ ಏಕಬಳಕೆ ಪ್ಲಾಸ್ಟಿಕ್ ನಿಷೇಧದಲ್ಲಿ ಅಲಂಕಾರಕ್ಕೆ ಬಳಸುವ ಥರ್ಮೋಕೋಲ್ ಸೇರಿದೆ. ಆ ತೆರವಾದ ಸ್ಥಾನವನ್ನು ಕಾಗದದ ಮಂಟಪ ಮತ್ತು ತೋರಣಗಳು ತುಂಬಬಲ್ಲವು. ಅನಂತರ ಮದುವೆಯ ಕಾಲ. ಅದರೊಡನೆ ಮುರ್ಡೇಶ್ವರ, ಇಡಗುಂಜಿ, ಗೋಕರ್ಣ ಮತ್ತು 2020ರಲ್ಲಿ ನೀಲಿ ಬಾವುಟದ ಮನ್ನಣೆ ಪಡೆದ ಕಾಸರಕೋಡ ಕಡಲತೀರಕ್ಕೆ ಬರುವ ಪ್ರವಾಸಿಗರು. ಅವರಿಗೆ ಈ ನೆಲದ ನೆನಪಿನ ವಸ್ತು ಬೇಕೇ ಹೊರತು ಎಲ್ಲಿಯೂ ಸಿಗುವ ಹೂವು ಚಿಟ್ಟೆಗಳಲ್ಲ.

8. ಉಚಿತದಿಂದ ಸ್ವಂತಕ್ಕೆ

ಉಚಿತ ಫೈಲನ್ನು ನೆಚ್ಚಿಕೊಂಡವನಿಗೆ ಒಂದು ಮಿತಿ ಇದ್ದೇ ಇದೆ. ಅವನಿಗೆ ಸಿಕ್ಕಿದ ವಿನ್ಯಾಸ ಎದುರಂಗಡಿಯವನಿಗೂ ಸಿಗುತ್ತದೆ. ಆಮೇಲೆ ಉಳಿಯುವುದು ದರದ ಪೈಪೋಟಿಯೊಂದೇ. ಆದುದರಿಂದ ಉಚಿತ ಫೈಲುಗಳನ್ನು ಕೈ ಪಳಗಿಸಿಕೊಳ್ಳುವ ಪಾಠವೆಂದು ಬಗೆದು, ಕ್ರಮೇಣ ಸ್ವಂತ ವಿನ್ಯಾಸಗಳತ್ತ ಸಾಗಬೇಕು.

ಅದಕ್ಕೆ ಬೇಕಾದ ಸಂಪತ್ತು ನಮ್ಮ ಜಿಲ್ಲೆಯಲ್ಲಿಯೇ ಇದೆ. ಗುಡಿಗಾರರು ತಲೆಮಾರುಗಳಿಂದ ಶ್ರೀಗಂಧದಲ್ಲಿ ಬಳ್ಳಿಯನ್ನೂ, ಬೆಂಡಿನಲ್ಲಿ ಮದುವೆಯ ಬಾಸಿಂಗವನ್ನೂ ಕೆತ್ತುತ್ತ ಬಂದಿದ್ದಾರೆ. ಬೆಂಡಿನ ತೆಳುಹಾಳೆಯನ್ನು ಕತ್ತರಿಸಿ ಪದರ ಪದರವಾಗಿ ಜೋಡಿಸುವ ಅವರ ಕ್ರಮಕ್ಕೂ ಕಾಗದದ ಪದರಗಳ ಇಂದಿನ ಕಟಿಂಗ್ ಕೆಲಸಕ್ಕೂ ಹತ್ತಿರದ ಹೋಲಿಕೆಯಿದೆ. ದೀವರ ಹಸೆ ಚಿತ್ತಾರದ ನೇರ ರೇಖೆಗಳು ಬ್ಲೇಡಿಗೆ ಸುಲಭವಾಗಿ ಒಗ್ಗುತ್ತವೆ. ಹೊನ್ನಾವರ ತಾಲ್ಲೂಕಿನ ಕೆರೆಮನೆ ಮೇಳವು 1934ರಿಂದ ನಡೆಸಿಕೊಂಡು ಬಂದಿರುವ ಬಡಗುತಿಟ್ಟಿನ ಕಿರೀಟ, ಕೇದಗೆ ಮುಂದಲೆಗಳ ಆಕಾರಗಳು ನೋಡಿದೊಡನೆ ಗುರುತು ಸಿಗುವಂಥವು. ಪರಂಪರೆಯ ಮಾದರಿ ಯಾರೊಬ್ಬರ ಸ್ವತ್ತಲ್ಲ. ಆದರೆ ಒಬ್ಬ ಕಲಾವಿದ ತನ್ನ ಕೈಯಿಂದ ಬರೆದ ಚಿತ್ರ ಅವನ ಸ್ವತ್ತು. ಅದನ್ನು ಫೋಟೋ ತೆಗೆದು ರೇಖೆಯಾಗಿಸಿ ಮಾರುವ ಮುನ್ನ ಅವನ ಲಿಖಿತ ಒಪ್ಪಿಗೆ ಪಡೆದು, ಸಂಭಾವನೆಯನ್ನು ನಿಗದಿಪಡಿಸಿಕೊಳ್ಳಬೇಕು. ಹೊರದೇಶದ ವಿನ್ಯಾಸಕಾರನ ಹಕ್ಕನ್ನು ಗೌರವಿಸಿ, ಪಕ್ಕದ ಕೇರಿಯ ಗುಡಿಗಾರನ ಹಕ್ಕನ್ನು ಮರೆಯುವುದು ನ್ಯಾಯವಲ್ಲ.

ಸ್ವಂತ ವಿನ್ಯಾಸ ಮಾಡಿದವರು ತಮ್ಮ ರಕ್ಷಣೆಯ ಕಡೆಗೂ ಗಮನ ಕೊಡಬೇಕು. ವಿನ್ಯಾಸಗಳ ಕಾಯ್ದೆ, 2000ರ ಅನ್ವಯ ನೋಂದಣಿಗೆ ಅರ್ಹವಾದ ವಿನ್ಯಾಸವನ್ನು ನೋಂದಾಯಿಸದೆ, ಕೈಗಾರಿಕಾ ವಿಧಾನದಿಂದ 50ಕ್ಕೂ ಹೆಚ್ಚು ಪ್ರತಿಗಳನ್ನು ಮಾಡಿದರೆ ಕೃತಿಸ್ವಾಮ್ಯ ಕಾಯ್ದೆಯ ಕಲಂ 15ರಂತೆ ಅದರ ಮೇಲಿನ ಕೃತಿಸ್ವಾಮ್ಯ ಅಳಿದುಹೋಗುತ್ತದೆ. ನೋಂದಣಿಯಾದರೆ 10 ವರ್ಷ, ನವೀಕರಿಸಿದರೆ ಮತ್ತೆ 5 ವರ್ಷ ರಕ್ಷಣೆ ಸಿಗುತ್ತದೆ. ಅರ್ಜಿಗೆ ಮುಂಚೆ ವಿನ್ಯಾಸವನ್ನು ಎಲ್ಲಿಯೂ ಪ್ರಕಟಿಸಿರಬಾರದು. ಮಾದರಿಯ ಚಿತ್ರವನ್ನು ಮೊದಲು ಮೊಬೈಲಿನಲ್ಲಿ ಎಲ್ಲರಿಗೂ ಹಂಚಿ, ಆಮೇಲೆ ನೋಂದಣಿಗೆ ಹೊರಟರೆ ತಡವಾಗಿರುತ್ತದೆ. ತಮ್ಮ ವಸ್ತು ನೋಂದಣಿಗೆ ಅರ್ಹವೇ ಎಂಬುದನ್ನು ನ್ಯಾಯವಾದಿಗಳಲ್ಲಿ ವಿಚಾರಿಸಿ ಮುಂದುವರಿಯುವುದು ಒಳ್ಳೆಯದು.

ಉಪಸಂಹಾರ

ಧಾರವಾಡ ಸೀಮೆಯ ಹತ್ತಿಯು ಒಂದು ಕಾಲಕ್ಕೆ ಕುಮಟಾ ಬಂದರಿನಿಂದ ಹಡಗೇರುತ್ತಿದ್ದುದರಿಂದ ಅದಕ್ಕೆ ‘ಕುಮಟಾ ಹತ್ತಿ’ ಎಂಬ ಹೆಸರೇ ಬಿದ್ದಿತ್ತು. ಅಮೆರಿಕದ ಅಂತರ್ಯುದ್ಧದ ವರ್ಷಗಳಲ್ಲಿ ಬೇಡಿಕೆ ಏರಿದಾಗ ಹತ್ತಿಯ ಕಲಬೆರಕೆಯನ್ನು ತಡೆಯಲು ಮುಂಬಯಿ ಪ್ರಾಂತದಲ್ಲಿ 1863ರಲ್ಲಿ ಕಾಯ್ದೆಯನ್ನೇ ತರಬೇಕಾಯಿತು. ಸರಕಿನೊಡನೆ ಊರಿನ ಹೆಸರೂ ಹೋಗುತ್ತದೆ. ಸರಕಿನ ಶುದ್ಧತೆಯೇ ಆ ಹೆಸರನ್ನು ಕಾಯುತ್ತದೆ. ಕಾಗದದ ತೋರಣವಾಗಲಿ, ರೇಡಿಯಂ ಅಕ್ಷರವಾಗಲಿ, ಅದಕ್ಕೂ ಈ ಮಾತು ಸಲ್ಲುತ್ತದೆ. ಉಚಿತವಾಗಿ ಬಂದುದರ ಷರತ್ತನ್ನು ಓದಿ, ವಹಿಯಲ್ಲಿ ದಾಖಲಿಸಿ, ದುಡಿಮೆಗೆ ತಕ್ಕ ಬೆಲೆ ಕಟ್ಟಿ, ಮೆಲ್ಲಗೆ ಸ್ವಂತ ವಿನ್ಯಾಸದ ಕಡೆಗೆ ನಡೆದರೆ ಈ ಚಿಕ್ಕ ಯಂತ್ರವು ನಮ್ಮ ಮೂರು ತಾಲ್ಲೂಕುಗಳ ಅನೇಕ ಮನೆಗಳಿಗೂ ಅಂಗಡಿಗಳಿಗೂ ಸ್ಥಿರ ಆದಾಯದ ಸಾಧನವಾಗಬಲ್ಲದು. ಸದಸ್ಯರು ಈ ವಾರವೇ ತಮ್ಮ ಕಂಪ್ಯೂಟರಿನಲ್ಲಿರುವ ವಿನ್ಯಾಸಗಳನ್ನು ಒಮ್ಮೆ ತೆರೆದು, ಯಾವುದು ಮಾರಾಟಕ್ಕೆ ಸಲ್ಲುವುದು, ಯಾವುದು ಸಲ್ಲದು ಎಂದು ವಿಂಗಡಿಸುವುದರಿಂದ ಕಾರ್ಯಾರಂಭ ಮಾಡಬಹುದು.